ಸೋಮವಾರ, ಗುರುವಾರದ ಗೈರುಹಾಜರಿ: ಬ್ಯಾಡಗಿ ತಾಲ್ಲೂಕಿನ ಪ್ರೌಢಶಾಲೆಯೊಂದರ ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದದ್ದು ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ, 2025ರ ಜನವರಿಯಿಂದ ಸುಮಾರು ಒಂದು ವರ್ಷದ ಅವಧಿಯಲ್ಲಿ. ವಿದ್ಯಾರ್ಥಿ ಆಗ ಒಂಬತ್ತನೇ ತರಗತಿಯಲ್ಲಿದ್ದ ಹದಿನಾಲ್ಕು ವರ್ಷದ ಹುಡುಗ. ನಾನು ಅದೇ ಶಾಲೆಯ ಕನ್ನಡ ಶಿಕ್ಷಕ. 2020ರಲ್ಲಿ ಆರಂಭವಾದ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಟ್ಟು, ಹನ್ನೊಂದು ವಿಷಯಗಳ ಪಾಠವನ್ನು ಅವರಿಗೆ ವಹಿಸುವ ಏರ್ಪಾಡಿದೆ. ಭಾವನಾತ್ಮಕ ಕ್ಷೇಮ ಮತ್ತು ಮಾನಸಿಕ ಆರೋಗ್ಯ ಆ ಹನ್ನೊಂದರಲ್ಲಿ ಒಂದು. ನಮ್ಮ ಶಾಲೆಯ ಆ ಇಬ್ಬರಲ್ಲಿ ನಾನೊಬ್ಬ. ಹುಡುಗನೂ ಅವನ ತಾಯಿಯೂ ಒಪ್ಪಿದ ಮೇಲೆ, ಊರು ಮನೆತನ ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ನಾವು ಮೊದಲು ಮಾಡಿದ ತಪ್ಪು ಯಾವ ಶಾಲೆಯಲ್ಲಾದರೂ ಆಗುವಂಥದ್ದು ಎಂಬ ಕಾರಣಕ್ಕೆ, ಬೇರೆ ಶಾಲೆಗಳ ಶಿಕ್ಷಕರು ಇದನ್ನು ಓದಬೇಕೆಂಬುದು ನನ್ನ ಆಸೆ.

ಹಾಜರಿ ಪುಸ್ತಕ ಮತ್ತು ನಮ್ಮ ತಪ್ಪು ಓದು

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ವಹಿವಾಟು ನಡೆಯುವುದು ಸೋಮವಾರ ಮತ್ತು ಗುರುವಾರ. ಡಿಸೆಂಬರ್ ಕೊನೆಯಿಂದ ಆವಕ ಏರುತ್ತ ಹೋಗಿ, ಸುಗ್ಗಿ ಕಾಲದಲ್ಲಿ ಒಂದೊಂದು ದಿನ ಲಕ್ಷಕ್ಕೂ ಮೀರಿ ಚೀಲಗಳು ಬಂದು ಬೀಳುತ್ತವೆ. ಸುತ್ತಲಿನ ಹಳ್ಳಿಗಳ ಹೆಂಗಸರು ಕಾಯಿ ಆರಿಸುವುದಕ್ಕೆ, ತೊಟ್ಟು ಬಿಡಿಸುವುದಕ್ಕೆ ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಈ ಭಾಗದ ಶಾಲೆಗಳಲ್ಲಿ ಆ ಎರಡು ದಿನ ಹಾಜರಿ ತುಸು ಇಳಿಯುವುದು ಯಾರಿಗೂ ಹೊಸ ಸಂಗತಿಯಲ್ಲ.

2025ರ ಜನವರಿಯಲ್ಲಿ ನಾಲ್ಕು ಸೋಮವಾರ, ಐದು ಗುರುವಾರ ಇದ್ದವು. ಆ ಒಂಬತ್ತು ದಿನಗಳಲ್ಲಿ ಈ ಹುಡುಗ ಎಂಟು ದಿನ ಬಂದಿರಲಿಲ್ಲ. ಉಳಿದ ದಿನಗಳಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಜೂನ್‌ನಿಂದ ಡಿಸೆಂಬರ್‌ವರೆಗಿನ ಪುಟಗಳಲ್ಲಿ ಅವನ ಹೆಸರಿನ ಮುಂದೆ ಗೈರು ಎಂದು ಬರೆದದ್ದೇ ಅಪರೂಪ. ಇಷ್ಟು ನೋಡಿದ ಮೇಲೆ ಶಿಕ್ಷಕರ ಕೊಠಡಿಯಲ್ಲಿ ನಮಗೆಲ್ಲ ಒಂದೇ ವಿವರಣೆ ಹೊಳೆಯಿತು: ತಂದೆಯಿಲ್ಲದ ಹುಡುಗ, ಮಾರುಕಟ್ಟೆಗೆ ಹಮಾಲಿ ಕೆಲಸಕ್ಕೆ ಹೋಗುತ್ತಿದ್ದಾನೆ. ಬಾಲಕಾರ್ಮಿಕ ಕಾಯ್ದೆಯ ಮಾತೂ ಬಂತು. ಅವನನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಬೇಕೆಂದು ಮಾತ್ರ ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

ಕೇಳಿದವನು ನಾನೇ, ಆದರೆ ಕೇಳಬಾರದ ರೀತಿಯಲ್ಲಿ ಕೇಳಿದೆ. ಫೆಬ್ರುವರಿಯ ಮೊದಲ ವಾರದ ಒಂದು ಮಂಗಳವಾರ ನಲವತ್ತು ಮಕ್ಕಳ ಎದುರು ಅವನನ್ನು ಎಬ್ಬಿಸಿ ನಿಲ್ಲಿಸಿ, "ಏನಪಾ, ಚೀಲ ಹೊರಾಕ ಹೊಂಟೀ ಏನ? ಎಷ್ಟ ಕೊಡ್ತಾರ ದಿನಕ್ಕ?" ಎಂದೆ. ತರಗತಿ ನಕ್ಕಿತು. ಅವನು ತಲೆ ಎತ್ತಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಮರುದಿನದಿಂದ ಸತತ ಆರು ದಿನ ಶಾಲೆಗೆ ಬರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೇ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬುದನ್ನು ನಾನು ತರಬೇತಿಯಲ್ಲಿ ಕೇಳಿದ್ದೆ, ಬೇರೆಯವರಿಗೂ ಹೇಳಿದ್ದೆ. ಕೋಲು ಮುಟ್ಟದವನು ತಾನು ಎಂಬ ಸಮಾಧಾನದಲ್ಲಿ, ಆ ಮಾತು ನನಗೂ ಸಂಬಂಧಿಸಿದ್ದೆಂದು ಬಗೆದಿರಲಿಲ್ಲ.

ರಫ್ ನೋಟ್‌ಬುಕ್ಕಿನ ಕೊನೆಯ ಪುಟ

ಅವನು ಬಿಟ್ಟುಹೋಗಿದ್ದ ಗಣಿತದ ರಫ್ ನೋಟ್‌ಬುಕ್ಕನ್ನು ಬೆಂಚಿನ ಕೆಳಗಿನಿಂದ ತೆಗೆದು ನನಗೆ ತಂದುಕೊಟ್ಟವನು ಅವನ ಪಕ್ಕದಲ್ಲಿ ಕೂಡುವ ಹುಡುಗ. ಯಾರದೆಂದು ನೋಡಲು ತೆರೆದಾಗ ಕೊನೆಯ ಪುಟ ಕಣ್ಣಿಗೆ ಬಿತ್ತು. ಎಡಗಡೆ ತಾರೀಖುಗಳು, ಬಲಗಡೆ ಸಮಯ: 7-10, 6-50, 8-05, 7-20. ತಾರೀಖುಗಳೆಲ್ಲ ಸೋಮವಾರ ಇಲ್ಲವೇ ಗುರುವಾರದವು. 8-05 ಎಂಬಲ್ಲಿ ಪೆನ್ನನ್ನು ಎಷ್ಟು ಒತ್ತಿ ಬರೆದಿದ್ದನೆಂದರೆ ಹಾಳೆ ಹರಿದು, ಹಿಂದಿನ ಪುಟದಲ್ಲೂ ಅಂಕಿಗಳು ಮೂಡಿದ್ದವು. ಕೂಲಿಯ ಲೆಕ್ಕವಾಗಿದ್ದರೆ ರೂಪಾಯಿ ಇರಬೇಕಿತ್ತು. ಇದು ಯಾವುದೋ ಬಸ್ಸಿನ ಸಮಯವಿರಬೇಕು ಎಂದುಕೊಂಡೆ, ಅಷ್ಟರ ಮಟ್ಟಿಗೆ ಮಾತ್ರ ನನ್ನ ಊಹೆ ಸರಿಯಾಗಿತ್ತು.

ಆ ಭಾನುವಾರ ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಅವನ ಮನೆಗೆ ಹೋದೆ. ತಾಯಿ ಪಡಸಾಲೆಯಲ್ಲಿ ಕುಳಿತು ಮಾತನಾಡುತ್ತ ಅತ್ತರು. ಅಳುವಾಗ ಅಂಗೈಯನ್ನು ಕಣ್ಣಿನ ಹತ್ತಿರ ಒಯ್ಯದೆ, ಮೊಣಕೈ ಮೇಲೆತ್ತಿ ತೋಳಿನಿಂದ ಒರೆಸಿಕೊಂಡರು. ಮೆಣಸಿನಕಾಯಿಯ ಘಾಟು ಎರಡು ದಿನ ತೊಳೆದರೂ ಕೈಯಿಂದ ಬಿಡುವುದಿಲ್ಲವೆಂದು ಆಶಾ ಕಾರ್ಯಕರ್ತೆ ನನಗೆ ಆಮೇಲೆ ಹೇಳಿದರು.

ತಿಳಿದ ಸಂಗತಿ ಇಷ್ಟು. ಎರಡು ವರ್ಷದ ಹಿಂದಿನ ಸುಗ್ಗಿಯಲ್ಲಿ, ಒಂದು ಗುರುವಾರ ಬೆಳಿಗ್ಗೆ ತಂದೆ ಮಾಲು ಹೇರಿಕೊಂಡು ಮಾರುಕಟ್ಟೆಗೆ ಹೋದವರು, ರಾತ್ರಿ ಟ್ರ್ಯಾಕ್ಟರಿನಲ್ಲಿ ಹಿಂದಿರುಗುವಾಗ ಅಪಘಾತದಲ್ಲಿ ತೀರಿಕೊಂಡಿದ್ದರು. ಹುಡುಗ ಬಾಗಿಲಲ್ಲಿ ಕಾದು ಕಾದು ನಿದ್ದೆ ಹೋಗಿದ್ದ. ಬೆಳಗಾಗುವ ಮೊದಲೇ ಅವನನ್ನು ಗದಗಿನಲ್ಲಿರುವ ಸೋದರಮಾವನ ಮನೆಗೆ ಕಳಿಸಿದ್ದರು. ಸಣ್ಣ ಹುಡುಗ, ನೋಡಿ ಅಂಜಬಾರದೆಂಬ ಕಕ್ಕುಲಾತಿ ಅದು. ಐದು ದಿನದ ಮೇಲೆ ಬಂದಾಗ ಹೊಲದಂಚಿನಲ್ಲಿ ಮಣ್ಣಿನ ಗುಡ್ಡೆಯೊಂದನ್ನು ತೋರಿಸಿದ್ದರು. ಅದರ ಮರುವರ್ಷದ ಸುಗ್ಗಿಯಲ್ಲಿ ತಾಯಿ ಊರು ಬಿಟ್ಟು ಕೆಲಸಕ್ಕೆ ಹೋಗಿರಲಿಲ್ಲ. ಮಾರುಕಟ್ಟೆಯ ಕೆಲಸಕ್ಕೆ ಹೋಗತೊಡಗಿದ್ದು ಈ ಸಲದ ಸುಗ್ಗಿಗೆ, ಹಿಂದಿನ ಡಿಸೆಂಬರಿನಲ್ಲಿ.

ಹುಡುಗ ಹೇಳಿದ್ದನ್ನು ಅವನ ಮಾತಿನಲ್ಲೇ ಕೊಡುತ್ತೇನೆ. "ಅವ್ವ ಬಸ್ ಹತ್ತಿದ ಕೂಡ್ಲೆ ಹೊಟ್ಟಿ ತೊಳಸ್ತೈತ್ರಿ ಸರ. ಸಾಲಿಗೆ ಹೋಗಬೇಕಂತ ಚೀಲ ಹಾಕ್ಕೊಂಡಿರ್ತೀನಿ, ಕಾಲ ಏಳೂದಿಲ್ಲ. ಅಲ್ಲೇ ಕಟ್ಟಿ ಮ್ಯಾಲ ಕುಂದರ್ತೀನಿ. ನಾ ಕುಂತ್ರ ಅಕಿ ಬರ್ತಾಳ್ರಿ." ನೋಟ್‌ಬುಕ್ಕಿನಲ್ಲಿದ್ದವು ತಾಯಿ ಬಸ್ಸಿನಿಂದ ಇಳಿದ ಸಮಯಗಳು.

ಹೊಟ್ಟೆನೋವಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ಸಲ ಗುಳಿಗೆ ತಂದಿದ್ದರು. ಗಾಳಿ ಸೋಂಕಿರಬೇಕೆಂದು ಅಜ್ಜಿ ತಾಯಿತ ಕಟ್ಟಿಸಿದ್ದರು. ಅದನ್ನು ಬಿಚ್ಚೆಂದು ನಾವು ಹೇಳಲಿಲ್ಲ, ಹೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಮನೆಯಲ್ಲಿ ಹುಡುಗನ ಕಷ್ಟವನ್ನು ಮೊದಲು ಕಷ್ಟವೆಂದು ಗುರುತಿಸಿ, ಕೈಲಾದದ್ದನ್ನು ಮಾಡಿದವರು ಆ ಅಜ್ಜಿಯೇ. ಅಷ್ಟು ಹೊತ್ತಿಗೆ ಶಾಲೆ ಅವನನ್ನು ತುಂಟನೆಂದು ಬರೆದುಕೊಂಡಿತ್ತು.

ಮಂಗಳವಾರದ ಆಸ್ಪತ್ರೆ

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ. ಮಾರುಕಟ್ಟೆಯ ದಿನವಲ್ಲವಾದ್ದರಿಂದ ತಾಯಿಗೆ ಬರಲು ಅನುಕೂಲವಾಯಿತು. ಇದು ಸಣ್ಣ ಸಂಗತಿಯಂತೆ ಕಂಡರೂ, ಚಿಕಿತ್ಸೆ ಮುಂದುವರಿದದ್ದಕ್ಕೆ ಇದೇ ಮುಖ್ಯ ಕಾರಣವೆಂದು ಈಗ ಅನ್ನಿಸುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಒಯ್ಯಬೇಕೆಂದು ನಾನು ಮೊದಲು ಯೋಚಿಸಿದ್ದೆ. ಹೋಗಿ ಬರಲು ಒಂದಿಡೀ ದಿನ, ಒಂದು ದಿನದ ಕೂಲಿ, ಮೇಲೆ ಇಬ್ಬರ ಬಸ್ ಚಾರ್ಜು. ಎರಡನೇ ಭೇಟಿಗೆ ಅವರು ಬರುತ್ತಿರಲಿಲ್ಲ. ಅಲ್ಲಿಗೆ ಕಳಿಸುವ ಪ್ರಸಂಗ ಬಂದರೆ ಚೀಟಿ ಕೊಡುವುದಾಗಿ ವೈದ್ಯರು ಹೇಳಿದರು, ಆ ಪ್ರಸಂಗ ಬರಲಿಲ್ಲ.

ಪ್ರಿಯರ ಸಾವಿನ ನಂತರ ಬೆಳೆದ ಅಗಲಿಕೆಯ ಆತಂಕ ಎಂದು ವೈದ್ಯರು ಗುರುತಿಸಿದರು. ಸದ್ಯಕ್ಕೆ ಔಷಧ ಬೇಡ, ಹದಿಹರೆಯದವರಿಗಾಗಿ ಇರುವ ಸ್ನೇಹಾ ಕ್ಲಿನಿಕ್ಕಿನ ಆಪ್ತಸಮಾಲೋಚಕಿಯ ಬಳಿ ಪ್ರತಿ ವಾರ ಬರಲಿ ಎಂದರು. ಹೊಟ್ಟೆನೋವು ನೆಪವಲ್ಲ, ಅಂಜಿಕೆಯಾದಾಗ ಹೊಟ್ಟೆ ನಿಜವಾಗಿಯೂ ನೋಯುತ್ತದೆ ಎಂದು ಅವರು ತಾಯಿಯ ಮುಂದೆಯೇ ಹೇಳಿದ ಗಳಿಗೆಯಲ್ಲಿ ಹುಡುಗ ಮೊದಲ ಬಾರಿ ಮುಖ ಎತ್ತಿದ.

ಸಮಾಲೋಚಕಿ ಅವನೊಬ್ಬನನ್ನೇ ಕೂಡಿಸಿಕೊಂಡು ಮಾತನಾಡುವ ಮೊದಲು ಒಂದು ಕರಾರು ಮಾಡಿಕೊಂಡರು: ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತದೆ, ಆದರೆ ಅವನ ಜೀವಕ್ಕೆ ಇಲ್ಲವೇ ಬೇರೆಯವರ ಜೀವಕ್ಕೆ ಅಪಾಯವಿದೆ ಎನ್ನಿಸಿದರೆ ಹಿರಿಯರಿಗೆ ಹೇಳಬೇಕಾಗುತ್ತದೆ. ಆಮೇಲೆ, ಸಾಯಬೇಕೆಂಬ ಯೋಚನೆ ಬಂದದ್ದುಂಟೇ ಎಂದು ಸುತ್ತು ಬಳಸದೆ ಕೇಳಿದರು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂದು ನಾನು ನಂಬಿದ್ದೆ. ಅದು ತಪ್ಪು ತಿಳಿವಳಿಕೆ, ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಬರಲು ದಾರಿಯಾಗುತ್ತದೆ ಎಂದು ಅವರು ವಿವರಿಸಿದರು. ಅಪ್ಪನ ಹತ್ತಿರ ಹೋಗಬೇಕು ಅನ್ನಿಸಿದ್ದುಂಟು, ಆದರೆ ಅವ್ವ ಒಬ್ಬಳೇ ಆಗುತ್ತಾಳೆ ಎಂದು ಹುಡುಗ ಹೇಳಿದ್ದನ್ನು ಅವನ ಒಪ್ಪಿಗೆ ಪಡೆದೇ ತಾಯಿಗೂ ನನಗೂ ತಿಳಿಸಿದರು. ಅಂಥ ಯೋಚನೆ ಮತ್ತೆ ಬಂದರೆ ಯಾರಿಗೆ ಹೇಳಬೇಕೆಂದು ಮೂರು ಹೆಸರುಗಳನ್ನು ಅವನ ಕೈಯಲ್ಲೇ ಬರೆಯಿಸಿದರು: ಅವ್ವ, ಪಕ್ಕದ ಮನೆಯ ದೊಡ್ಡಪ್ಪ, ನಾನು. ಕೆಳಗೆ ದಿನದ 24 ಗಂಟೆಯೂ ಉಚಿತವಾಗಿ ದೊರೆಯುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ.

ಕಾಯುವುದನ್ನು ಬಿಡಿಸುವ ಕೆಲಸ

ಸಮಾಲೋಚಕಿ ನನಗೆ ಕಲಿಸಿದ ಮುಖ್ಯ ಸಂಗತಿ ಒಂದಿದೆ. ಕಟ್ಟೆಯ ಮೇಲೆ ಕೂತ ಪ್ರತಿ ದಿನವೂ ತಾಯಿ ಸುರಕ್ಷಿತವಾಗಿ ಬಂದದ್ದರಿಂದ, ತಾನು ಕಾದದ್ದಕ್ಕೇ ಅವಳು ಬಂದಳು ಎಂದು ಅವನ ಮನಸ್ಸು ದಿನದಿನವೂ ಗಟ್ಟಿಯಾಗಿ ನಂಬುತ್ತಿತ್ತು. ಶಾಲೆ ತಪ್ಪಿಸಿದಷ್ಟೂ ಅಂಜಿಕೆ ಆ ಹೊತ್ತಿಗೆ ಇಳಿದು, ಮುಂದಿನ ಮಾರುಕಟ್ಟೆಯ ದಿನಕ್ಕೆ ಇಮ್ಮಡಿಯಾಗುತ್ತಿತ್ತು. ಆದ್ದರಿಂದ ಮನೆಯಲ್ಲಿ ಬಿಟ್ಟು ಬಿಡುವುದೂ ತಪ್ಪು, ಎಳೆದು ತಂದು ಕೂಡಿಸುವುದೂ ತಪ್ಪು. ಕಾಯದಿದ್ದರೂ ತಾಯಿ ಬರುತ್ತಾಳೆ ಎಂಬುದನ್ನು ಅವನೇ ಸ್ವಲ್ಪ ಸ್ವಲ್ಪವಾಗಿ ಕಂಡುಕೊಳ್ಳಬೇಕಿತ್ತು.

ಮೊದಲ ವಾರ ಬಿಸಿಯೂಟದವರೆಗೆ ಶಾಲೆಯಲ್ಲಿರುವುದು, ಒಂದು ಗಂಟೆಗೆ ತಾಯಿ ಮುಖ್ಯೋಪಾಧ್ಯಾಯರ ಫೋನಿಗೆ ಒಂದೇ ಒಂದು ಕರೆ ಮಾಡುವುದು ಎಂದು ನಿಶ್ಚಯವಾಯಿತು. ಎರಡನೇ ಕರೆ ಇಲ್ಲ. ಅದೇನು ಕಠಿಣ ಎಂದು ನಮ್ಮಲ್ಲಿ ಕೆಲವರು ಆಕ್ಷೇಪಿಸಿದರು. ಕೇಳಿದಾಗಲೆಲ್ಲ ಧೈರ್ಯ ಹೇಳಿದರೆ, ಧೈರ್ಯ ಹೇಳುವವರು ಇಲ್ಲದ ಹೊತ್ತು ಅವನಿಗೆ ಇನ್ನಷ್ಟು ಕಷ್ಟವಾಗುತ್ತದೆ ಎಂಬುದು ಸಮಾಲೋಚಕಿಯ ಉತ್ತರ. ಮುಂದಿನ ವಾರಗಳಲ್ಲಿ ಬಿಸಿಯೂಟದ ನಂತರದ ಒಂದು ಪಿರಿಯಡ್, ಆಮೇಲೆ ಎರಡು, ಕೊನೆಗೆ ಶಾಲೆ ಬಿಡುವವರೆಗೆ ಎಂದು ಅವಧಿ ಬೆಳೆಯಿತು. ತಾನು ಎದ್ದು ಹೊರಗೆ ಹೋಗಬೇಕೆನ್ನಿಸಿದರೆ ಕಾರಣ ಹೇಳದೆ ಎದ್ದು ಗ್ರಂಥಾಲಯದ ಕೋಣೆಗೆ ಹೋಗಿ ಹತ್ತು ನಿಮಿಷ ಕೂಡಬಹುದು ಎಂದು ಎಲ್ಲ ಶಿಕ್ಷಕರಿಗೂ ತಿಳಿಸಲಾಗಿತ್ತು.

ರಫ್ ನೋಟ್‌ಬುಕ್ಕನ್ನು ಸಮಾಲೋಚಕಿ ಕಸಿದುಕೊಳ್ಳಲಿಲ್ಲ. ಅದೇ ಪುಟದಲ್ಲಿ ಸಮಯದ ಪಕ್ಕಕ್ಕೆ ಎರಡು ಮನೆ ಗೆರೆ ಹಾಕಿಸಿದರು: ಏನಾಗಿರಬಹುದೆಂದು ಅಂಜಿದೆ, ತಡವಾದದ್ದು ಯಾಕೆ. ಮೊದಲ ಮನೆಯಲ್ಲಿ ಸಾಲುಸಾಲಾಗಿ ಒಂದೇ ಶಬ್ದವಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡನೆಯದರಲ್ಲಿ ಅವನು ತಾಯಿಯನ್ನು ಕೇಳಿ ಬರೆದದ್ದು ಹೀಗಿತ್ತು: ತೂಕ ತಡ ಆತು. ಬಸ್ ತುಂಬಿತ್ತು. ಪಗಾರ ಕೊಡೂದು ತಡ. ಅತ್ತಿಗೆ ಭೆಟ್ಟಿ ಆಗಿದ್ಲು, ಚಾ ಕುಡದ್ವಿ.

ಎಲ್ಲವೂ ನೆಟ್ಟಗೆ ನಡೆಯಲಿಲ್ಲ. ಮಾರ್ಚ್ ತಿಂಗಳ ಒಂದು ಗುರುವಾರ ತಾಯಿಯ ಫೋನಿನ ಚಾರ್ಜ್ ಮುಗಿದು ಒಂದು ಗಂಟೆಯ ಕರೆ ಬರಲಿಲ್ಲ. ಹುಡುಗ ತರಗತಿಯಿಂದ ಓಡಿದ. ನಾನು ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಕಟ್ಟೆಯ ಪಕ್ಕದಲ್ಲಿ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದ, ಕೈ ಹಿಡಿದರೆ ಹಿಮದಂತೆ ತಣ್ಣಗಿತ್ತು. ಮುಂದಿನ ಸೋಮವಾರ ಬರಲಿಲ್ಲ. ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತು ಎಂಬ ಗಾಬರಿಯಲ್ಲಿ ಅಂದು ರಾತ್ರಿ ನಾನೇ 14416ಕ್ಕೆ ಕರೆ ಮಾಡಿದೆ. ಕನ್ನಡದಲ್ಲಿಯೇ ಮಾತನಾಡಿದ ಸಮಾಲೋಚಕರು, ಮೊದಲಿನಿಂದ ಶುರು ಮಾಡಬೇಡಿ, ಒಂದು ಮೆಟ್ಟಿಲು ಕೆಳಗಿಳಿದು ಅಲ್ಲಿಂದ ಹತ್ತಿಸಿ ಎಂದರು. ಮಂಗಳವಾರ ನಮ್ಮ ಸಮಾಲೋಚಕಿಯೂ ಅದನ್ನೇ ಹೇಳಿದರು. ಹಾಗೆಯೇ ಮಾಡಿದೆವು.

ಸಾವಿನ ಸಂಗತಿಯನ್ನು ಮುಟ್ಟಿದ್ದು ಬೇಸಿಗೆಯ ರಜೆಯಲ್ಲಿ. ಅಂದಿನ ರಾತ್ರಿ ಏನಾಯಿತೆಂದು ತಾಯಿ ಮಗನಿಗೆ ಎರಡು ವರ್ಷವೂ ಹೇಳಿರಲಿಲ್ಲ, ಮಗ ಕೇಳಿರಲಿಲ್ಲ. ಸಮಾಲೋಚಕಿಯ ಎದುರು ತಾಯಿ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಮರುದಿನ ಇಬ್ಬರೂ ಊದುಬತ್ತಿ, ಹೂವು, ತಂದೆಗೆ ಇಷ್ಟವಾಗಿದ್ದ ಶೇಂಗಾ ಹೋಳಿಗೆ ಹಿಡಿದುಕೊಂಡು ಹೊಲಕ್ಕೆ ಹೋಗಿ, ಸಮಾಧಿಯ ಹತ್ತಿರ ಹೊತ್ತು ಮುಳುಗುವವರೆಗೆ ಕುಳಿತು ಬಂದರಂತೆ. ಆ ದಿನದ ಬಗ್ಗೆ ನನಗೆ ಇಷ್ಟೇ ಗೊತ್ತು, ಹೆಚ್ಚು ಕೇಳಲೂ ಇಲ್ಲ.

ಶಾಲೆಯಲ್ಲಿ ಬದಲಾಗಬೇಕಿದ್ದದ್ದು

ಪ್ರಕರಣದ ನಡುವೆ ನಮ್ಮ ಕಡೆಯಿಂದ ಇನ್ನೊಂದು ಪ್ರಮಾದವಾಯಿತು. ಶಿಕ್ಷಕರ ಕೊಠಡಿಯಲ್ಲಿ ಯಾರೋ ದೊಡ್ಡ ದನಿಯಲ್ಲಿ, ಅವನನ್ನು ಹುಚ್ಚರ ಡಾಕ್ಟರಿಗೆ ತೋರಿಸುತ್ತಿದ್ದಾರಂತೆ ಎಂದದ್ದು ಬಾಗಿಲಾಚೆಗಿದ್ದ ಮಕ್ಕಳ ಕಿವಿಗೆ ಬಿದ್ದು, ಸಂಜೆಯೊಳಗೆ ಹುಡುಗನಿಗೆ 'ಮೆಂಟಲ್' ಎಂಬ ಅಡ್ಡಹೆಸರು ಅಂಟಿತು. ಮುಖ್ಯೋಪಾಧ್ಯಾಯರು ಅಂದೇ ಸಭೆ ಕರೆದು, ವಿಷಯ ತಿಳಿದಿರಬೇಕಾದವರು ಮೂವರು ಮಾತ್ರ, ದಾಖಲೆ ಅವರ ಬೀರುವಿನಲ್ಲಿ ಬೀಗದೊಳಗೆ, ಉಳಿದವರಿಗೆ ಏನು ಮಾಡಬೇಕೆಂಬುದಷ್ಟೇ ಗೊತ್ತಿದ್ದರೆ ಸಾಕು, ಯಾಕೆಂಬುದು ಬೇಡ ಎಂದು ನಿಯಮ ಮಾಡಿದರು. ಅದನ್ನು ಮೊದಲ ದಿನವೇ ಮಾಡಬೇಕಿತ್ತು.

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಬೇರೆಯದು. ಹಿಂದಿನ ಅಕ್ಟೋಬರ್ 10ರಂದು ವಿಶ್ವ ಮಾನಸಿಕ ಆರೋಗ್ಯ ದಿನವನ್ನು ಶಾಲೆಯಲ್ಲಿ ಆಚರಿಸಿದ್ದೆವು. ನಾನೇ ಅರ್ಧ ತಾಸು ಮಾತನಾಡಿದ್ದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು ಎಂದು ಹೇಳಿದ್ದೆ. ಅದೇ ಲೆಕ್ಕವನ್ನು ನಮ್ಮ 160 ಮಕ್ಕಳಿಗೆ ಹಾಕಿದರೆ ಹನ್ನೊಂದೋ ಹನ್ನೆರಡೋ ಮಕ್ಕಳಾಗುತ್ತಾರೆ, ಅವರು ನನ್ನ ಎದುರಿಗೇ ಕುಳಿತಿದ್ದಾರೆ ಎಂದು ಆಗ ಎಣಿಸಿರಲಿಲ್ಲ. ಆ ಭಾಷಣ ನೆನಪಿದೆಯೇ ಎಂದು ಹುಡುಗನನ್ನು ಕೇಳಿದೆ. ನೆನಪಿತ್ತು; ಖಿನ್ನತೆ, ಒತ್ತಡ ಎಂಬ ಶಬ್ದಗಳನ್ನು ಬರೆದುಕೊಂಡೂ ಇದ್ದ. "ಅದು ದೊಡ್ಡವರಿಗೆ ಬರೂ ಬ್ಯಾನಿ ಅಂದ್ಕೊಂಡಿದ್ದೆ ಸರ. ನನಗ ಹೊಟ್ಟಿನೋವಷ್ಟ ಇತ್ತಲ್ರಿ" ಎಂದ.

ಆ ಮಾತಿನ ಮೇಲೆ ಪಾಠದ ರೀತಿಯನ್ನೇ ಬದಲಿಸಿದೆವು. ಜೂನ್‌ನಲ್ಲಿ ಖಿನ್ನತೆಯ ವ್ಯಾಖ್ಯಾನ ಬಿಟ್ಟು, ಕಪ್ಪು ಹಲಗೆಯ ಮೇಲೆ ಮನುಷ್ಯನ ಒಂದು ಆಕಾರ ಬರೆದು, ಅಂಜಿಕೆ, ಸಿಟ್ಟು, ಬ್ಯಾಸರ ಮೈಯಲ್ಲಿ ಎಲ್ಲೆಲ್ಲಿ ಕೂಡುತ್ತವೆ ಎಂದು ಕೇಳಿದೆವು. ಎದಿ ಡವಡವ ಅಂತೈತಿ, ಗಂಟಲಾಗ ಏನೋ ಸಿಕ್ಕಂಗ ಆಕ್ಕೈತಿ, ಹೊಟ್ಯಾಗ ಕಲಸಿದಂಗ, ಕೈ ಥಣ್ಣಗ, ತಲಿ ಜಡ, ಯಾರರ ಮಾತಾಡ್ಸಿದ್ರ ಕಚ್ಚಬೇಕನಸ್ತೈತಿ: ಹಲಗೆ ತುಂಬಿತು. ಇವು ಎರಡು ವಾರ ಬಿಡದೆ ಇದ್ದರೆ, ಊಟ, ನಿದ್ದೆ, ಓದು, ಆಟಕ್ಕೆ ಅಡ್ಡ ಬಂದರೆ ಯಾರಿಗೆ ಹೇಳಬೇಕು, ಎಲ್ಲಿ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಉಳಿದ ಅರ್ಧ ಪಿರಿಯಡ್ ಕೊಟ್ಟೆವು. ಹೇಳಿದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಗೇ ಮಕ್ಕಳು ಹೆಚ್ಚು ಕಿವಿಗೊಟ್ಟರು. ಮನೆಗೆ ಹೇಳುತ್ತೀರಾ, ಹಾಜರಿ ಪುಸ್ತಕದಲ್ಲಿ ಬರೆಯುತ್ತೀರಾ, ಶಾಲೆಯಿಂದ ತೆಗೆಯುತ್ತೀರಾ ಎಂದು ಕೇಳಿದರು. ಕೇಳಿಸಿಕೊಳ್ಳುವವರು ಸಿದ್ಧರಾಗದೆ ಹೇಳಿಕೊಳ್ಳಿರೆಂದು ಮಕ್ಕಳಿಗೆ ಕಲಿಸುವುದು ಅನ್ಯಾಯವೆಂದು ನಾನು ಈಗ ನಂಬುತ್ತೇನೆ.

ಆ ತಿಂಗಳಲ್ಲೇ ಮೂರು ಮಕ್ಕಳು ತಾವಾಗಿ ಬಂದರು. ಇಬ್ಬರದು ಪರೀಕ್ಷೆ ಮತ್ತು ಮನೆಯ ಜಗಳದ ವಿಷಯ. ಮೂರನೆಯದು ಶಾಲೆ ತನ್ನಲ್ಲೇ ಇಟ್ಟುಕೊಳ್ಳಲು ಕಾನೂನು ಬಿಡದಂಥದ್ದು; ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಿ, ಮಕ್ಕಳ ಸಹಾಯವಾಣಿ 1098ರ ಮೂಲಕ ಮಕ್ಕಳ ರಕ್ಷಣಾ ವ್ಯವಸ್ಥೆಗೆ ಒಪ್ಪಿಸಿದೆವು. ಅದರ ಬಗ್ಗೆ ಇಲ್ಲಿ ಇನ್ನೇನನ್ನೂ ಬರೆಯಲಾಗದು.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ 15 ಮಾರ್ಗಸೂಚಿಗಳನ್ನು ಕೊಟ್ಟಿತು. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗೆ ಅರ್ಹ ಆಪ್ತಸಮಾಲೋಚಕರು ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿಯಾಗಬೇಕು, ಸಹಾಯವಾಣಿಯ ಸಂಖ್ಯೆಗಳು ಕಾಣುವಂತೆ ಬರೆದಿರಬೇಕು ಎಂಬುವು ಅದರಲ್ಲಿವೆ. ಸಂಖ್ಯೆಗಳನ್ನು ನಾವು ಬಿಸಿಯೂಟದ ಪಡಸಾಲೆಯ ಗೋಡೆಗೆ ಬರೆಸಿದೆವು, ಹೆಣ್ಣುಮಕ್ಕಳ ಶೌಚಾಲಯದ ಬಾಗಿಲ ಒಳಮೈಗೂ ಬರೆಸಿದೆವು. ಯಾರೂ ನೋಡದಾಗ ಓದಲು ಅಲ್ಲಿ ಅನುಕೂಲ ಎಂದು ಹೇಳಿದವರು ಹತ್ತನೇ ತರಗತಿಯ ಹುಡುಗಿಯರೇ. ಸಮಾಲೋಚಕರ ಹುದ್ದೆ ನಮ್ಮಲ್ಲಿ ಇನ್ನೂ ಇಲ್ಲ. ಪಾಠ ಹೇಳುವ, ಅಂಕ ಕೊಡುವ, ಗದರಿಸುವ ಶಿಕ್ಷಕನೇ ಸಮಾಲೋಚಕನೂ ಆಗಲಾರ. ನಾನು ಮಾಡಿದ ಕೆಲಸ ಗುರುತಿಸುವುದು, ಜೊತೆಗೆ ಹೋಗುವುದು, ಹೇಳಿದ್ದನ್ನು ತಪ್ಪದೆ ನಡೆಸುವುದು, ಅಷ್ಟೆ. ಚಿಕಿತ್ಸೆ ಮಂಗಳವಾರದ ಕೋಣೆಯಲ್ಲಿ ನಡೆಯಿತು.

ಮತ್ತೊಂದು ಸುಗ್ಗಿ

ನಿಜವಾದ ಪರೀಕ್ಷೆ 2025ರ ಡಿಸೆಂಬರ್‌ನಲ್ಲಿ, ತಾಯಿ ಮತ್ತೆ ಬೆಳಗಿನ ಬಸ್ಸು ಹತ್ತಿದಾಗ ಎದುರಾಯಿತು. ಮೊದಲ ಎರಡು ವಾರ ಹುಡುಗನಿಗೆ ಹೊಟ್ಟೆನೋವು ಮರಳಿತು, ನೋವಿನೊಂದಿಗೇ ಶಾಲೆಗೆ ಬಂದ. 2026ರ ಜನವರಿಯಲ್ಲಿ ಅವನು ಗೈರಾದದ್ದು ಒಂದು ಗುರುವಾರ ಮಾತ್ರ. ಒಂದು ಗಂಟೆಯ ಕರೆ ನಿಂತಿದೆ, ಅವನೇ ಬೇಡವೆಂದ. ಸಂಜೆ ಏಳರ ಮೇಲೆ ಈಗಲೂ ಬಸ್ಸಿನ ಸದ್ದಿಗೆ ಅವನ ಓದು ನಿಲ್ಲುತ್ತದೆ ಎಂದು ತಾಯಿ ಹೇಳುತ್ತಾರೆ. ಗುಣವಾಯಿತು ಎಂದು ಸಮಾಲೋಚಕಿ ಎಲ್ಲಿಯೂ ಬರೆದಿಲ್ಲ. ಭೇಟಿಯನ್ನು ತಿಂಗಳಿಗೊಮ್ಮೆ ಎಂದು ಇಳಿಸಿದ್ದಾರೆ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವನು ಹಾವೇರಿಗೆ ಪಿಯು ಓದಲು ಹೋಗಬೇಕೆಂದಿದ್ದಾನೆ. ಆಗ ಬೆಳಿಗ್ಗೆ ಬಸ್ಸು ಹತ್ತುವವನು ಅವನು, ಮನೆಯಲ್ಲಿ ದಾರಿ ಕಾಯುವವರು ತಾಯಿ. ಅಲ್ಲಿನ ಉಪನ್ಯಾಸಕರೊಬ್ಬರಿಗೆ ಈ ವಿಷಯ ತಿಳಿಸಿಡಲೇ ಎಂದು ಕಳೆದ ವಾರ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹೇಳೂದು ಬಿಡೂದು ನಾ ನೋಡ್ಕೊಂತೀನ್ರಿ ಸರ" ಎಂದ. ಅವನ ವರ್ಗಾವಣೆ ಪತ್ರದ ಜೊತೆಗೆ ನಾವು ಬೇರೆ ಯಾವ ಕಾಗದವನ್ನೂ ಕಳಿಸುವುದಿಲ್ಲ.